ಹರ್ನಿಯಾ ಇದ್ದರೆ ಮೂತ್ರದ ಬಗ್ಗೆ ಯಾಕೆ ಕೇಳುತ್ತೇವೆ?

ತೊಡೆಸಂದಿನಲ್ಲಿ ಗಡ್ಡೆಯಂತೆ ಉಬ್ಬಿದರೆ ಹರ್ನಿಯಾ, ಒಳಗೆ ಕರುಳು ಜಾರಿದೆ. ನಮ್ಮ ಕರಾವಳಿಯಲ್ಲಿ ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇಂಥ 100 ಹರ್ನಿಯಾಗಳಲ್ಲಿ ಸುಮಾರು 1ರಿಂದ 4ರಲ್ಲಿ ಮೂತ್ರಕೋಶದ ಒಂದು ಭಾಗವೂ ಕೆಳಗಿಳಿದಿರುತ್ತದೆ. 50 ದಾಟಿದ, ಮೈ ಜಾಸ್ತಿ ಇರುವ ಗಂಡಸರಲ್ಲಿ ಇನ್ನೂ ಹೆಚ್ಚು.

ಅದಕ್ಕೇ ಹರ್ನಿಯಾ ಅಂತ ಬಂದವರಿಗೆ ನಾನು ಕೇಳುವುದುಂಟು: "ಮೂತ್ರ ಒಂದೇ ಸಲಕ್ಕೆ ಪೂರ್ತಿ ಹೋಗ್ತದಾ?" ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ ಹಿರಿಯರೊಬ್ಬರು ಜೊತೆಗಿದ್ದ ಸೊಸೆ ಹೊರಗೆ ಹೋಗುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದರು: ಒಮ್ಮೆ ಮುಗಿಸಿದ ಮೇಲೆ ಉಬ್ಬನ್ನು ಕೈಯಲ್ಲಿ ಒತ್ತಿದರೆ ಮತ್ತೆ ಬರುತ್ತದೆ, ಉಬ್ಬೂ ಸಣ್ಣದಾಗುತ್ತದೆ. ಪ್ರಾಯ ಆಯ್ತಲ್ವಾ ಅಂತ ಅವರು ಸುಮ್ಮನಿದ್ದರು. ಮೂತ್ರಕೋಶ ಜಾರಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಸಿಗುವುದು ಕಷ್ಟ.

ಹೆಚ್ಚಾಗಿ ಇದರ ಹಿಂದೆ ಪ್ರೊಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ, ಇರುತ್ತದೆ. ಅದು ದೊಡ್ಡದಾಗಿ ದಾರಿ ಇಕ್ಕಟ್ಟಾದಾಗ ಮುಕ್ಕಿ ಮುಕ್ಕಿ ಮೂತ್ರ ಮಾಡಬೇಕಾಗುತ್ತದೆ. ಪ್ರಾಯವಾದಂತೆ ಹೊಟ್ಟೆಯ ಗೋಡೆಯೂ ಸಡಿಲ, ಹಾಗಾಗಿ ಮುಕ್ಕುವ ಒತ್ತಡಕ್ಕೆ ಮೂತ್ರಕೋಶ ಜಾರುತ್ತದೆ. ಹರ್ನಿಯಾ ಮಾತ್ರ ಹೊಲಿದು ಪ್ರೊಸ್ಟೇಟನ್ನು ಹಾಗೇ ಬಿಟ್ಟರೆ ಮುಕ್ಕುವುದು ನಿಲ್ಲುವುದಿಲ್ಲ, ಹರ್ನಿಯಾ ಮರುಕಳಿಸಬಹುದು.

ಮೊದಲೇ ಗೊತ್ತಿದ್ದರೆ ಸರ್ಜನ್‌ಗೆ ಕೆಲಸ ಸಲೀಸು. ಕ್ಯಾಥೆಟರ್ (ಮೂತ್ರ ಹೊರಹೋಗಲು ಹಾಕುವ ಸಣ್ಣ ಕೊಳವೆ) ಹಾಕಿ ಮೂತ್ರಕೋಶ ಖಾಲಿ ಮಾಡಿ, ಮೆಲ್ಲಗೆ ಒಳಗೆ ತಳ್ಳಿ, ಜಾಲರಿ ಇಟ್ಟು ಮುಚ್ಚುತ್ತಾರೆ. ಆ ಭಾಗ ಕೊಳೆತಿದ್ದರೆ ಅಥವಾ ಅದರಲ್ಲಿ ಗೆಡ್ಡೆ ಇದ್ದರೆ ಕತ್ತರಿಸಬೇಕಾಗಬಹುದು. ಗೊತ್ತಿಲ್ಲದಿದ್ದರೆ? ಕೊಬ್ಬಿನ ಮರೆಯಲ್ಲಿರುವ ಮೂತ್ರಕೋಶ ಹರ್ನಿಯಾ ಚೀಲದಂತೆಯೇ ಕಾಣುತ್ತದೆ. ಕತ್ತರಿ ತಾಗಿದ್ದು ಅಲ್ಲೇ ಕಂಡರೆ ಹೊಲಿದು, ವಾರ ಹತ್ತು ದಿನ ಕ್ಯಾಥೆಟರ್ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಾಣದೆ ಹೋದರೆ ಮೂತ್ರ ಒಳಗೇ ಸೋರಿ ದೊಡ್ಡ ತಲೆನೋವು.

ಸ್ಕ್ಯಾನ್ ಬಗ್ಗೆ ಒಂದು ಮಾತು. ಅಂಗಾತ ಮಲಗಿದಾಗ ಜಾರಿದ್ದು ವಾಪಸ್ ಒಳಗೆ ಹೋಗಿ ಏನೂ ಕಾಣದೇ ಇರಬಹುದು. ಮೂತ್ರ ತುಂಬಿಸಿಕೊಂಡು, ನಿಂತುಕೊಂಡೂ ನೋಡಿಸಿದರೆ ಸಿಗುವ ಸಾಧ್ಯತೆ ಜಾಸ್ತಿ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳ ಹರ್ನಿಯಾದಲ್ಲಿ ಸಿಕ್ಕಿಕೊಳ್ಳುವುದು ಬಹಳ ಅಪರೂಪ. ಸಿಕ್ಕಿದರೆ ಆ ಬದಿಯ ಕಿಡ್ನಿ ಉಬ್ಬಬಹುದು, ಎಷ್ಟೋ ಸಲ ನೋವೇ ಇಲ್ಲದೆ. ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಹೊಸ ಕಿಡ್ನಿಯ ನಾಳ ತೊಡೆಸಂದಿನ ಹತ್ತಿರವೇ ಹಾದುಹೋಗುತ್ತದೆ. ಅಂಥವರು ಹರ್ನಿಯಾ ಆಪರೇಷನ್‌ಗೆ ಹೋಗುವಾಗ ಕಸಿಯ ಹಳೇ ಫೈಲ್ ಜೊತೆಗೇ ಒಯ್ಯಬೇಕು.