ಜ್ಯೇಷ್ಠಮಧು: ಹೊಟ್ಟೆ ಹುಣ್ಣಿಗೆ ಮದ್ದು, ಬಿಪಿಗೆ ಕುತ್ತು

ಗ್ರಂಥಿಗೆ ಅಂಗಡಿಯಲ್ಲಿ ಜ್ಯೇಷ್ಠಮಧು ಕೇಳಿದರೆ ಕಂದು ಸಿಪ್ಪೆಯ ಕಡ್ಡಿ ಕೊಡುತ್ತಾರೆ. ಮುರಿದರೆ ಒಳಗೆ ಹಳದಿ, ಬರೀ ನಾರು. ಅಗಿದರೆ ಸಿಹಿ ನಿಧಾನವಾಗಿ ಬರುತ್ತದೆ, ಬಂದ ಮೇಲೆ ಬೇಗ ಹೋಗುವುದಿಲ್ಲ. ಆ ಸಿಹಿ ಗ್ಲಿಸಿರೈಜಿನ್ ಎಂಬ ಅಂಶದ್ದು. ಹೊಟ್ಟೆ ಹುಣ್ಣಿನ ವಿಷಯದಲ್ಲಿ ಈ ಬೇರಿಗೆ ಕೆಟ್ಟ ಹೆಸರು ತಂದದ್ದೂ ಅದೇ. ‘ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ’ ಅನ್ನುವವರು ಈ ಕಥೆ ಕೇಳಲೇಬೇಕು.

ಆಯುರ್ವೇದಕ್ಕೆ ಇದು ಬಹಳ ಹಳೆಯ ಪರಿಚಯ. ಆಧುನಿಕ ವೈದ್ಯರ ಕಣ್ಣು ಇದರ ಮೇಲೆ ಬಿದ್ದದ್ದು ಮಾತ್ರ ನೆದರ್ಲೆಂಡ್ಸ್‌ನಲ್ಲಿ. ಅಲ್ಲಿನ ಔಷಧ ಅಂಗಡಿಯವರೊಬ್ಬರು ಮಾರುತ್ತಿದ್ದ ಜ್ಯೇಷ್ಠಮಧುವಿನ ಲೇಹ್ಯದಿಂದ ಹುಣ್ಣಿನ ರೋಗಿಗಳು ಸುಧಾರಿಸುತ್ತಿದ್ದುದನ್ನು ಎಫ್. ಇ. ರೆವರ್ಸ್ ಎಂಬ ವೈದ್ಯರು ಗಮನಿಸಿ, 1946ರಲ್ಲಿ ಬರೆದರು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಮೈ ಊದಿಕೊಳ್ಳುತ್ತಿತ್ತು. ಅದನ್ನೂ ಅವರು ಮುಚ್ಚಿಡದೆ ಬರೆದರು. ನನಗೆ ರೆವರ್ಸ್ ಬಗ್ಗೆ ಗೌರವ ಇರುವುದು ಇದಕ್ಕೇ.

ಮುಂದೆ ಬ್ರಿಟನ್ನಿನಲ್ಲಿ ಇದೇ ಬೇರಿನ ಅಂಶದಿಂದ ಕಾರ್ಬೆನಾಕ್ಸೊಲೋನ್ ಎಂಬ ಔಷಧ ತಯಾರಾಯಿತು. ಸಿಗರೇಟು ಮತ್ತು ಶ್ವಾಸಕೋಶ ಕ್ಯಾನ್ಸರ್‌ನ ನಂಟು ತೋರಿಸಿದ ರಿಚರ್ಡ್ ಡಾಲ್ ಅವರ ತಂಡವೇ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿ, ಜಠರದ ಹುಣ್ಣು ಬೇಗ ಮಾಯುತ್ತದೆ ಎಂದು 1962ರಲ್ಲಿ ಪ್ರಕಟಿಸಿತು. ಆಗ ಹುಣ್ಣಿಗೆ ಇದ್ದದ್ದು ಆಂಟಾಸಿಡ್, ಪಥ್ಯ, ವಿಶ್ರಾಂತಿ, ಯಾವುದೂ ಆಗದಿದ್ದರೆ ಆಪರೇಷನ್. ಹಾಗಾಗಿ ಇದು ದೊಡ್ಡ ಸುದ್ದಿ. ಹೊಟ್ಟೆಯ ಒಳಪದರದ ಲೋಳೆಯನ್ನು ಗಟ್ಟಿ ಮಾಡುವುದು ಇದರ ಕೆಲಸ. ಆದರೆ ಊತ ಇಲ್ಲೂ ಬಿಡಲಿಲ್ಲ, ಜೊತೆಗೆ ಬಿಪಿ ಏರುತ್ತಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತಿತ್ತು.

ಯಾಕೆ ಹೀಗೆ ಅನ್ನುವುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಕಾರ್ಟಿಸಾಲ್ ಹಾರ್ಮೋನನ್ನು ಸುಮ್ಮನಾಗಿಸುವ ಕಿಣ್ವವೊಂದು ಕಿಡ್ನಿಯಲ್ಲಿದೆ. ಜ್ಯೇಷ್ಠಮಧು ಅದನ್ನು ತಡೆಯುತ್ತದೆ. ಆಗ ಸುಮ್ಮನಾಗದೆ ಉಳಿದ ಕಾರ್ಟಿಸಾಲ್‌ನ ಪ್ರಭಾವಕ್ಕೆ ಕಿಡ್ನಿ ಉಪ್ಪು, ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಹಾಕುತ್ತದೆ.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1976ರಲ್ಲಿ ಆಮ್ಲ ತಗ್ಗಿಸುವ ಸಿಮೆಟಿಡಿನ್ ಬಂತು. ಹೆಚ್ಚಿನ ಹುಣ್ಣುಗಳಿಗೆ ಎಚ್. ಪೈಲೋರಿ ಬ್ಯಾಕ್ಟೀರಿಯಾ ಕಾರಣ ಎಂದು ಆಸ್ಟ್ರೇಲಿಯಾದ ವಾರೆನ್, ಮಾರ್ಷಲ್ ತೋರಿಸಿಕೊಟ್ಟರು, 2005ರಲ್ಲಿ ಅವರಿಗೆ ನೊಬೆಲ್ ಬಂತು. ಗ್ಲಿಸಿರೈಜಿನ್ ತೆಗೆದ ಜ್ಯೇಷ್ಠಮಧು ಮಾತ್ರೆಗಳೂ ಬಂದವು. ಅವುಗಳಲ್ಲಿ ಬಿಪಿ ಭಯ ಕಡಿಮೆ, ಆದರೆ ಹುಣ್ಣು ವಾಸಿ ಮಾಡುವ ವಿಷಯದಲ್ಲಿ ಪರೀಕ್ಷೆಗಳು ಒಂದೇ ಮಾತು ಹೇಳಲಿಲ್ಲ.

ಈಗಲೂ ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಒಂದಲ್ಲ ಒಂದು ಸೊಪ್ಪು, ತೊಗಟೆ, ಬೇರಿನ ಸಾರ ತೆಗೆದು ಇಲಿಗಳಿಗೆ ಕುಡಿಸಿ, ಆಮೇಲೆ ಹುಣ್ಣು ಎಬ್ಬಿಸಲು ಆಲ್ಕೋಹಾಲ್ ಅಥವಾ ಆಸ್ಪಿರಿನ್ ಕೊಟ್ಟು, ಹೊಟ್ಟೆ ಸೀಳಿ ಆ ಹುಣ್ಣುಗಳಿಗೆ ಅಂಕ ಹಾಕುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ಒಂದೇ ದಿನದಲ್ಲಿ ಎಬ್ಬಿಸಿದ ಇಲಿಯ ಹುಣ್ಣು ಬೇರೆ, ಬ್ಯಾಕ್ಟೀರಿಯಾ ಹೊತ್ತುಕೊಂಡು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದ ಮನುಷ್ಯನ ಹುಣ್ಣೇ ಬೇರೆ. ಇಲಿಯ ಫಲಿತಾಂಶವನ್ನೇ ‘ಸಾಬೀತಾಗಿದೆ’ ಎಂದು ಡಬ್ಬಿ ಮೇಲೆ ಅಚ್ಚು ಹಾಕಿ ಮಾರುವುದು ಮೋಸ.

ಯುರೋಪಿನ ತಜ್ಞರ ಸಮಿತಿ ಗ್ಲಿಸಿರೈಜಿನ್‌ಗೆ ಹಾಕಿರುವ ಮಿತಿ ದಿನಕ್ಕೆ 100 ಮಿಲಿಗ್ರಾಂ. ಬೇರಿನಲ್ಲಿ ಅದು ಶೇ. 4ರಷ್ಟಿದ್ದರೂ, 5 ಗ್ರಾಂ ಪುಡಿಯಲ್ಲಿ 200 ಮಿಲಿಗ್ರಾಂ ಆಯಿತು. ಗಂಟಲು ಕೆರೆತಕ್ಕೆ ಅಪರೂಪಕ್ಕೊಮ್ಮೆ ಕಡ್ಡಿ ಅಗಿಯುವುದಕ್ಕೂ, ‘ಗ್ಯಾಸ್ಟ್ರಿಕ್’ ಅಂತ ತಿಂಗಳುಗಟ್ಟಲೆ ಪುಡಿ ತಿನ್ನುವುದಕ್ಕೂ ವ್ಯತ್ಯಾಸ ಇದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬಾರದು. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದ್ದರೆ ಯಾವ ಬೇರನ್ನೂ ನಂಬಿ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.