ಮಲ್ಲೇಶ್ವರದ ಹಳೆಯ ಕಿಟಕಿಗಳಿಗೆ ಪರದೆ ಹಾಕುವಾಗ

ಪರದೆ, ಬ್ಲೈಂಡ್‌ಗಳ ಮಾದರಿಗಳನ್ನು ವ್ಯಾನಿಗೆ ತುಂಬಿಕೊಂಡು ಗ್ರಾಹಕರ ಮನೆಬಾಗಿಲಿಗೇ ಹೋಗುವ ಫ್ರಾಂಚೈಸಿ ನನ್ನದು. ಕೆಲಸ ಹೆಚ್ಚಾಗಿ ಮಲ್ಲೇಶ್ವರದಲ್ಲಿ. ಕಂಪನಿಯ ಕ್ಯಾಟಲಾಗ್ ತಯಾರಾಗಿರುವುದು ಕಾಂಕ್ರೀಟ್ ಗೋಡೆ, ಜಾರುವ ಅಲ್ಯೂಮಿನಿಯಂ ಕಿಟಕಿಗಳ ಫ್ಲ್ಯಾಟುಗಳಿಗೆ. ಇಲ್ಲಿ ಉಳಿದಿರುವ ಹಳೆಯ ಮನೆಗಳ ಲೆಕ್ಕವೇ ಬೇರೆ.

1898ರ ಪ್ಲೇಗಿನ ನಂತರ, ಇಕ್ಕಟ್ಟಾದ ಪೇಟೆಯಿಂದ ಹೊರಬಂದವರಿಂದ ತುಂಬಿಕೊಂಡ ಬಡಾವಣೆ ಇದು, ಬಸವನಗುಡಿಯೂ ಹಾಗೆಯೇ. ಗಾಳಿ ಬೆಳಕು ಆಗ ಜೀವದ ಪ್ರಶ್ನೆಯಾಗಿತ್ತು. ಎತ್ತರದ ಕಿಟಕಿಯ ಮೇಲಿನ ಗವಾಕ್ಷಿ ಬಿಸಿಗಾಳಿ ಹೊರಹೋಗುವ ದಾರಿ. ಸೂರಿನಿಂದ ನೆಲದವರೆಗೆ ಪರದೆ ಇಳಿಬಿಟ್ಟರೆ ನನ್ನ ಬಿಲ್ಲಿನ ಮೊತ್ತ ಬೆಳೆಯುತ್ತದೆ, ಗವಾಕ್ಷಿ ಮುಚ್ಚಿಹೋಗುತ್ತದೆ. ಅಂಥ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಮಂಕಿ ಟಾಪ್‌ನ, ಅಂದರೆ ಕಿಟಕಿಯ ಮೇಲೆ ಹೊರಚಾಚಿರುವ ಮರದ ಚೂಪು ಮಾಡಿನ, ಮರಕ್ಕಂತೂ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ.

ಅಳತೆ ಹಿಡಿಯುವ ಮೊದಲು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು ನೋಡಬೇಕು. ಒಳಕ್ಕೆ ತೆರೆದುಕೊಳ್ಳುವುದಾದರೆ ಚೌಕಟ್ಟಿನೊಳಗೆ ಬ್ಲೈಂಡ್ ಕೂರಿಸುವಂತಿಲ್ಲ. ಹಳೆಯ ತೇಗದ ಚೌಕಟ್ಟು ಕೊಂಚ ವಾಲಿರುವುದೇ ಹೆಚ್ಚು. ಆದ್ದರಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು ಅತಿ ಚಿಕ್ಕದನ್ನು ಬರೆದುಕೊಳ್ಳಬೇಕು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ತಾಳೆ ನೋಡಬೇಕು. ವ್ಯತ್ಯಾಸ ದೊಡ್ಡದಿದ್ದರೆ ಬ್ಲೈಂಡನ್ನು ಚೌಕಟ್ಟಿನ ಹೊರಗೆ ಹಾಕುವುದೇ ಸರಿ.

ಹೊರಗೆ ಎಂದರೆ ಗೋಡೆಗೆ. ಕಷ್ಟವಿರುವುದು ಅಲ್ಲಿಯೇ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆಗೆ ಹ್ಯಾಮರ್ ಡ್ರಿಲ್ ಹಿಡಿದರೆ ಗಾರೆ ಉದುರುತ್ತದೆ, ತೂತು ಅಗಲವಾಗುತ್ತದೆ, ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. ಸ್ವಲ್ಪ ದಿನದಲ್ಲೇ ಭಾರದ ಪರದೆ ಕಂಬಿಸಮೇತ ಕೆಳಗೆ ಬರುತ್ತದೆ. ಹ್ಯಾಮರ್ ಹೊಡೆತ ನಿಲ್ಲಿಸಿ, ಡ್ರಿಲ್ಲನ್ನು ಬರಿದೆ ತಿರುಗಿಸುತ್ತ ನಿಧಾನವಾಗಿ ಕೊರೆಯಬೇಕು. ಗಾರೆಯ ಸಂದಿಯನ್ನು ಬಿಟ್ಟು ಇಟ್ಟಿಗೆಯ ಮೈಗೆ ಉದ್ದನೆಯ ಸ್ಕ್ರೂ ಹೋಗಬೇಕು. ನನಗೆ ಹೆಚ್ಚು ನಂಬಿಕೆಯಿರುವುದು ಮರದ ಪಟ್ಟಿಯಲ್ಲಿ: ಕಿಟಕಿಯ ಮೇಲೆ ಉದ್ದಕ್ಕೂ ಪಟ್ಟಿಯೊಂದನ್ನು ಹಲವು ಕಡೆ ಬಿಗಿದು, ಕಂಬಿಯ ಬ್ರಾಕೆಟ್ಟುಗಳನ್ನು ಅದಕ್ಕೇ ಕೂರಿಸಿದರೆ ಭಾರ ಹಂಚಿಹೋಗುತ್ತದೆ.

ವ್ಯಾನ್ ಒಯ್ಯುವುದರ ನಿಜವಾದ ಲಾಭ ಬಣ್ಣದ ಆಯ್ಕೆಯಲ್ಲಿದೆ. ಅಂಗಡಿಯ ದೀಪದಡಿ ಕಂಡ ಕೆನೆಬಣ್ಣವೇ ರೆಡ್ ಆಕ್ಸೈಡ್ ನೆಲದ ಕೋಣೆಯಲ್ಲಿ ಬಿಸಿಲು ಬಿದ್ದಾಗ ಕೆಂಪು ಛಾಯೆ ಪಡೆಯುತ್ತದೆ. ಪಶ್ಚಿಮದ ಕಿಟಕಿಯಾದರೆ ಸಂಜೆ ಬಿಸಿಲಿನಲ್ಲಿಯೇ ಬಟ್ಟೆ ಹಿಡಿದು ತೋರಿಸುತ್ತೇನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬ್ಲೈಂಡಿನಿಂದ ನೇತಾಡುವ ದಾರದ ಕುಣಿಕೆ ಬೇಡವೇ ಬೇಡ. ಅದು ಕೊರಳಿಗೆ ಸುತ್ತಿಕೊಳ್ಳಬಲ್ಲದು.

ಇಂಥ ಬಡಾವಣೆಯಲ್ಲಿ ಫ್ರಾಂಚೈಸಿ ತೆಗೆದುಕೊಳ್ಳುವವರು ಸಹಿಗೆ ಮುನ್ನ ಒಂದು ವಿಷಯ ಕೇಳಿಕೊಳ್ಳಲಿ: ಕಂಪನಿ ಕೊಡುವ ಸ್ಕ್ರೂ, ಬ್ರಾಕೆಟ್ಟುಗಳ ಬದಲು ಗೋಡೆಗೆ ತಕ್ಕದ್ದನ್ನು ಬಳಸಿದರೆ ವಾರಂಟಿ ಉಳಿಯುತ್ತದೆಯೇ? ಉತ್ತರವನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.