ಮ್ಯೂಟೆಕ್ಸ್: ಕೀಲಿ ಬೀಳುವುದು ಯಾವುದಕ್ಕೆ?

ಕಲಬುರಗಿ, ಬೀದರ, ಯಾದಗಿರಿ ಕಡೆ ‘ಮನೆಗೆ ಕೀಲಿ ಹಾಕಿ ಬಾ’ ಎಂದರೆ ಬೀಗ ಹಾಕಿ ಬಾ ಎಂದರ್ಥ. ಅದನ್ನು ತೆರೆಯುವ ಸಾಧನ ನಮಗೆ ಕೀಲಿಕೈ. ಮೈಸೂರು ಕಡೆಯವರಿಗೆ ಕೀಲಿ ಎಂದರೆ ತೆರೆಯುವ ಕೈ. ಕಂಪ್ಯೂಟರಿನ ‘ಕೀಲಿಮಣೆ’ಯಲ್ಲಿ ಉಳಿದಿರುವುದೂ ಆ ಅರ್ಥವೇ. ಒಂದೇ ಪದ ಒಂದು ಸೀಮೆಯಲ್ಲಿ ಮುಚ್ಚುವುದನ್ನೂ ಇನ್ನೊಂದು ಸೀಮೆಯಲ್ಲಿ ತೆರೆಯುವುದನ್ನೂ ಹೇಳುವ ಈ ಗೊಂದಲ, ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಬಳಸುವ ಮ್ಯೂಟೆಕ್ಸ್ ಎಂಬ ಸಾಧನದ ಹೆಸರನ್ನು ತರಗತಿಯಲ್ಲಿ ವಿವರಿಸುವಾಗ ನನ್ನ ನೆರವಿಗೇ ಬಂದಿದೆ. ಮ್ಯೂಟೆಕ್ಸನ್ನು ಎಲ್ಲರೂ ‘ಲಾಕ್’ ಎಂದು ಕರೆಯುವುದರಿಂದ, ದತ್ತಾಂಶದ ಮೇಲೆ ಒಂದು ಬೀಗ ಬಿದ್ದಿದೆ, ಇನ್ನು ಅದನ್ನು ಯಾರೂ ಮುಟ್ಟಲಾರರು ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್ ಮುಂತಾದ ಭಾಷೆಗಳಲ್ಲಿ ದತ್ತಾಂಶದ ಮೇಲೆ ಅಂಥದ್ದೇನೂ ಬಿದ್ದಿರುವುದಿಲ್ಲ.

ಮ್ಯೂಟೆಕ್ಸ್ ಎಂಬುದು ‘ಮ್ಯೂಚುವಲ್ ಎಕ್ಸ್‌ಕ್ಲೂಷನ್’ ಎಂಬ ಎರಡು ಪದಗಳ ತಲೆಗಳನ್ನು ಜೋಡಿಸಿ ಮಾಡಿದ ಹೆಸರು. ಒಬ್ಬರು ಒಳಗಿರುವಾಗ ಉಳಿದವರು ಹೊರಗಿರಬೇಕು, ಮತ್ತು ಈ ಕಟ್ಟಳೆ ಎಲ್ಲರಿಗೂ ಸಮನಾಗಿ ಅನ್ವಯಿಸಬೇಕು ಎಂಬುದು ಅದರ ಭಾವ. ‘ಪರಸ್ಪರ ಹೊರಗಿಡುವಿಕೆ’ ಎಂದು ಕನ್ನಡಿಸಬಹುದಾದರೂ ಬಾಯಿಗೆ ಹಗುರವಾಗುವುದು ಮ್ಯೂಟೆಕ್ಸೇ. ಹೀಗೆ ಹೊರಗಿಡುವುದು ಹೇಗೆಂಬ ಸಮಸ್ಯೆಯನ್ನು ಎರಡು ಪ್ರಕ್ರಿಯೆಗಳ, ಅಂದರೆ ಏಕಕಾಲಕ್ಕೆ ಓಡುವ ಎರಡು ಪ್ರೋಗ್ರಾಮುಗಳ, ಮಟ್ಟಿಗೆ ಮೊದಲು ಬಿಡಿಸಿದವರು ನೆದರ್ಲೆಂಡ್ಸಿನ ಗಣಿತಜ್ಞ ಡೆಕ್ಕರ್. ಎಷ್ಟೇ ಪ್ರಕ್ರಿಯೆಗಳಿದ್ದರೂ ಸಲ್ಲುವ ಪರಿಹಾರವನ್ನು ಅದೇ ದೇಶದ ಎಡ್ಸ್‌ಖರ್ ಡೈಕ್‌ಸ್ಟ್ರಾ 1965ರಲ್ಲಿ ಒಂದು ಪುಟದಷ್ಟು ಚಿಕ್ಕ ಲೇಖನದಲ್ಲಿ ಪ್ರಕಟಿಸಿದರು.

ಸಮಸ್ಯೆ ಏನೆಂದು ತಿಳಿಯಲು ಕಲಬುರಗಿಯ ಮಾರುಕಟ್ಟೆಯಾದ ನೆಹರು ಗಂಜಿನ ಯಾವುದೋ ಒಂದು ಅಡತ್ (ದಲಾಲಿ) ಅಂಗಡಿಯನ್ನು ಊಹಿಸಿಕೊಳ್ಳೋಣ. ತೊಗರಿ ಸುಗ್ಗಿಯ ಕಾಲ. ಗೋದಾಮಿನಲ್ಲಿರುವ ಚೀಲಗಳ ಲೆಕ್ಕಕ್ಕೆ ಒಂದೇ ಪುಸ್ತಕ, ಬರೆಯುವ ಗುಮಾಸ್ತರು ಇಬ್ಬರು. ಪುಸ್ತಕದಲ್ಲಿ ಕೊನೆಗೆ ಬರೆದಿರುವ ಅಂಕಿ 140. ಮುಂಬಾಗಿಲಲ್ಲಿ ನಿಂತ ಟ್ರ್ಯಾಕ್ಟರಿನಿಂದ 25 ಚೀಲ ಇಳಿಯುತ್ತವೆ, ಹಿಂಬಾಗಿಲಲ್ಲಿ ನಿಂತ ಲಾರಿಯಿಂದ 40. ಮೊದಲನೆಯ ಗುಮಾಸ್ತ ಪುಸ್ತಕ ನೋಡಿ 140 ಎಂದು ಓದಿಕೊಂಡು ಮನಸ್ಸಿನಲ್ಲೇ ಕೂಡಿಸತೊಡಗುತ್ತಾನೆ. ಅಷ್ಟರಲ್ಲಿ ಎರಡನೆಯವನೂ ಬಂದು ಅದೇ 140ನ್ನು ಓದಿಕೊಳ್ಳುತ್ತಾನೆ. ಮೊದಲನೆಯವನು ಅಳಿಸಿ 165 ಎಂದು ಬರೆಯುತ್ತಾನೆ, ಮರುಕ್ಷಣ ಎರಡನೆಯವನು ಅದನ್ನೂ ಅಳಿಸಿ 180 ಎಂದು ಬರೆಯುತ್ತಾನೆ. ಇರಬೇಕಾದದ್ದು 205. ಇಬ್ಬರ ಕೂಡಿಕೆಯಲ್ಲೂ ತಪ್ಪಿಲ್ಲ, ಇಬ್ಬರಲ್ಲಿ ಯಾರೂ ಮೋಸ ಮಾಡಿಲ್ಲ, ಆದರೆ ಗೋದಾಮಿನಲ್ಲಿರುವ 25 ಚೀಲ ಪುಸ್ತಕದಲ್ಲಿಲ್ಲ.

ಪ್ರೋಗ್ರಾಮಿನಲ್ಲಿ ಗುಮಾಸ್ತರ ಜಾಗದಲ್ಲಿ ಥ್ರೆಡ್‌ಗಳಿರುತ್ತವೆ. ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳೇ ಥ್ರೆಡ್‌ಗಳು, ಅವೆಲ್ಲಕ್ಕೂ ಮೆಮೊರಿ ಒಂದೇ. ‘ಎಣಿಕೆಗೆ ಒಂದು ಕೂಡಿಸು’ ಎಂಬ ಸಾಲು ನಮ್ಮ ಕಣ್ಣಿಗೆ ಒಂದೇ ಕೆಲಸವಾಗಿ ಕಂಡರೂ ಪ್ರೊಸೆಸರಿಗೆ ಅದು ಮೂರು ಕೆಲಸ: ಮೆಮೊರಿಯಿಂದ ಅಂಕಿಯನ್ನು ತನ್ನೊಳಗಿನ ಪುಟ್ಟ ಜಾಗವಾದ ರಿಜಿಸ್ಟರಿಗೆ ತರುವುದು, ಅಲ್ಲಿ ಕೂಡಿಸುವುದು, ಮೆಮೊರಿಗೆ ಮರಳಿ ಬರೆಯುವುದು. ಮೂರರ ನಡುವೆ ಎಲ್ಲಿ ಬೇಕಾದರೂ ಇನ್ನೊಂದು ಥ್ರೆಡ್ ನುಸುಳಬಹುದು. ಫಲಿತಾಂಶವು ಯಾರು ಯಾವ ಕ್ಷಣದಲ್ಲಿ ನುಸುಳಿದರು ಎಂಬುದರ ಮೇಲೆ ನಿಲ್ಲುವ ಈ ಸ್ಥಿತಿಗೆ ರೇಸ್ ಕಂಡೀಷನ್ ಎಂದು ಹೆಸರು.

ಪ್ರಯೋಗಾಲಯದಲ್ಲಿ ನಾನು ಮೊದಲು ಮಾಡಿಸುವುದು ಇದನ್ನೇ: ಎರಡು ಥ್ರೆಡ್‌ಗಳು ಒಂದೇ ಎಣಿಕೆಗೆ ತಲಾ 10 ಲಕ್ಷ ಸಲ ಒಂದೊಂದನ್ನು ಕೂಡಿಸಬೇಕು. ಉತ್ತರ ಒಮ್ಮೆ 11 ಲಕ್ಷ ಚಿಲ್ಲರೆ, ಇನ್ನೊಮ್ಮೆ 14 ಲಕ್ಷ ಚಿಲ್ಲರೆ ಬರುತ್ತದೆ. 20 ಲಕ್ಷ ಬರುವುದು ಅಪರೂಪ. ಇದರಲ್ಲೊಂದು ಕುತ್ತೂ ಇದೆ. ನಾವು ಬರೆದದ್ದನ್ನು ಯಂತ್ರದ ಆಜ್ಞೆಗಳಿಗೆ ತಿರುಗಿಸುವ ಕಂಪೈಲರಿಗೆ ಪ್ರೋಗ್ರಾಮನ್ನು ಚುರುಕುಗೊಳಿಸಲು ಹೇಳಿದರೆ ಅದು ಮತ್ತೆಮತ್ತೆ ಕೂಡಿಸುವ ಇಡೀ ಲೂಪನ್ನು ಅಳಿಸಿ, ‘10 ಲಕ್ಷ ಕೂಡಿಸು’ ಎಂಬ ಒಂದೇ ಹೆಜ್ಜೆಗೆ ಇಳಿಸಿಬಿಡಬಹುದು. ಆಗ ನುಸುಳುವುದಕ್ಕೆ ಇರುವ ಕಿಂಡಿ ಎಷ್ಟು ಕಿರಿದಾಗುತ್ತದೆಂದರೆ ನೂರು ಸಲ ಓಡಿಸಿದರೂ 20 ಲಕ್ಷವೇ ಕಾಣಿಸಬಹುದು, ಹುಡುಗರು ‘ಸರಿ ಹೋಯಿತು’ ಎಂದು ಎದ್ದು ಹೋಗುತ್ತಾರೆ. ಪರೀಕ್ಷೆಯಲ್ಲಿ ಕಾಣದೆ, ಬಳಕೆಗೆ ಬಂದ ಮೇಲೆ ಎಂದೋ ಒಂದು ದಿನ ಕಾಣಿಸಿಕೊಳ್ಳುವುದು ಈ ದೋಷದ ಜಾಯಮಾನ.

ಗಂಜಿನ ಅಂಗಡಿಗೆ ಮರಳೋಣ. ಮಾಲಕರು ಪುಸ್ತಕದ ಪಕ್ಕದ ಮೊಳೆಗೆ ಒಂದು ಪೆನ್ನು ತೂಗುಹಾಕಿ, ಆ ಪೆನ್ನು ಕೈಯಲ್ಲಿಲ್ಲದೆ ಯಾರೂ ಪುಸ್ತಕ ತೆರೆಯಕೂಡದು ಎಂದು ಕಟ್ಟಪ್ಪಣೆ ಮಾಡುತ್ತಾರೆ. ಪೆನ್ನು ಮೊಳೆಯಲ್ಲಿದ್ದರೆ ತೆಗೆದುಕೊಂಡು ಕೆಲಸ ಮಾಡಬೇಕು, ಇಲ್ಲದಿದ್ದರೆ ಅದು ಮರಳುವವರೆಗೆ ಕಾಯಬೇಕು, ಕೆಲಸ ಮುಗಿದೊಡನೆ ಮೊಳೆಗೆ ಸಿಗಿಸಬೇಕು. ಮ್ಯೂಟೆಕ್ಸ್ ಎಂದರೆ ಇಷ್ಟೇ. ಪೆನ್ನು ತೆಗೆದುಕೊಳ್ಳುವುದು ಲಾಕ್, ಮರಳಿ ಸಿಗಿಸುವುದು ಅನ್‌ಲಾಕ್, ಇವೆರಡರ ನಡುವೆ ನಡೆಯುವ ಕೆಲಸ ಕ್ರಿಟಿಕಲ್ ಸೆಕ್ಷನ್. ಅಪ್ಪಣೆ ‘ಬರೆಯಕೂಡದು’ ಎಂದಷ್ಟೇ ಇರದೆ ‘ತೆರೆಯಕೂಡದು’ ಎಂದಿರುವುದನ್ನು ಗಮನಿಸಬೇಕು. 140ನ್ನು ಮೊದಲೇ ಓದಿಕೊಂಡು, ಬರೆಯುವಾಗ ಮಾತ್ರ ಪೆನ್ನಿಗೆ ಕಾಯುವ ಗುಮಾಸ್ತ ಎಷ್ಟೇ ಶಿಸ್ತಿನಿಂದ ಕಾದರೂ ಹಳಸಿದ ಅಂಕಿಗೇ ಕೂಡಿಸುತ್ತಾನೆ. ಓದುವುದು, ಕೂಡಿಸುವುದು, ಬರೆಯುವುದು ಮೂರೂ ಒಂದೇ ಹಿಡಿತದೊಳಗೆ ಬರಬೇಕು.

ಪದದ ಅರ್ಥ ಜಾರುವುದು ಇಲ್ಲಿಯೇ. ಪುಸ್ತಕಕ್ಕೆ ಬೀಗವಿಲ್ಲ; ಅದು ಮೇಜಿನ ಮೇಲೆ ಎಲ್ಲರ ಕೈಗೂ ಸಿಗುವಂತೆ ಬಿದ್ದಿದೆ. ಜೇಬಿನಲ್ಲಿ ತನ್ನದೇ ಪೆನ್ನಿಟ್ಟುಕೊಂಡ ಮೂರನೆಯವನು ಬಂದು ಗೀಚಿ ಹೋದರೆ ಮೊಳೆಯ ಪೆನ್ನು ಅವನನ್ನು ತಡೆಯಲಾರದು. ಒಂದು ವರ್ಷ ಯಾದಗಿರಿ ಕಡೆಯ ಒಬ್ಬ ವಿದ್ಯಾರ್ಥಿ ತನ್ನ ಪ್ರೋಗ್ರಾಮ್ ತೋರಿಸಿ, ‘ಕೀಲಿ ಹಾಕೀನ್ರೀ ಸರ್, ಆದ್ರೂ ಲೆಕ್ಕ ತಪ್ಪಲಾಕತ್ತದ’ ಎಂದ. ನೋಡಿದರೆ ಲಾಕ್ ಇತ್ತು, ಅನ್‌ಲಾಕ್ ಇತ್ತು, ಎರಡೂ ಇರಬೇಕಾದ ಸಾಲುಗಳಲ್ಲೇ ಇದ್ದವು. ಆದರೆ ಮ್ಯೂಟೆಕ್ಸನ್ನು ಅವನು ಥ್ರೆಡ್ ನಡೆಸುವ ಫಂಕ್ಷನ್ನಿನ (ಹೆಸರಿಟ್ಟ ಆಜ್ಞೆಗಳ ಕಟ್ಟಿನ) ಒಳಗೆ ಘೋಷಿಸಿದ್ದ. ಪ್ರತಿ ಥ್ರೆಡ್ ಆ ಫಂಕ್ಷನ್ನನ್ನು ಹೊಕ್ಕಾಗಲೂ ಹೊಸದೊಂದು ಮ್ಯೂಟೆಕ್ಸ್ ಹುಟ್ಟುತ್ತಿತ್ತು, ಅಂದರೆ ಪ್ರತಿ ಗುಮಾಸ್ತನಿಗೂ ಒಂದೊಂದು ಮೊಳೆ, ಒಂದೊಂದು ಪೆನ್ನು. ಯಾರೂ ಯಾರಿಗೂ ಕಾಯುವ ಪ್ರಮೇಯವೇ ಇರಲಿಲ್ಲ. ಘೋಷಣೆಯ ಆ ಒಂದು ಸಾಲನ್ನು ಫಂಕ್ಷನ್ನಿನ ಹೊರಗೆ ಸರಿಸಿದೊಡನೆ 20 ಲಕ್ಷ ಬಂತು.

ಜಾಣ ಓದುಗರು ಇಲ್ಲೊಂದು ಪ್ರಶ್ನೆ ಎತ್ತಬೇಕು. ಮ್ಯೂಟೆಕ್ಸೂ ಮೆಮೊರಿಯಲ್ಲಿರುವ ಒಂದು ಅಂಕಿಯೇ ಅಲ್ಲವೇ? ‘ಖಾಲಿ ಇದೆಯೇ’ ಎಂದು ನೋಡಿ ‘ನನ್ನದು’ ಎಂದು ಬರೆಯುವುದರ ನಡುವೆ ಇನ್ನೊಬ್ಬ ನುಸುಳಿದರೆ, ಇಬ್ಬರ ಕೈಗೂ ಪೆನ್ನು ಸಿಕ್ಕಂತಾಗುವುದಿಲ್ಲವೇ? ಆಗುತ್ತದೆ, ಸಾಮಾನ್ಯ ಆಜ್ಞೆಗಳಿಂದ ಬರೆದರೆ. ಆದುದರಿಂದಲೇ ಇಂದಿನ ಪ್ರೊಸೆಸರುಗಳು ನೋಡುವುದನ್ನೂ ಬರೆಯುವುದನ್ನೂ ಮುರಿಯದ ಒಂದೇ ಹೆಜ್ಜೆಯಾಗಿ ಮಾಡುವ ವಿಶೇಷ ಆಜ್ಞೆಗಳನ್ನು ಒದಗಿಸುತ್ತವೆ. ‘ಇರುವುದು ಇಂಥ ಅಂಕಿಯೇ ಆಗಿದ್ದರೆ ಮಾತ್ರ ಬದಲಿಸು’ ಎನ್ನುವ ಆಜ್ಞೆ ಅವುಗಳಲ್ಲಿ ಹೆಚ್ಚು ಬಳಕೆಯದು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪೆನ್ನು ಮೊಳೆಯಲ್ಲೇ ಇದ್ದರೆ ಥ್ರೆಡ್ ಈ ಒಂದು ಆಜ್ಞೆಯಿಂದ ಅದನ್ನು ಪಡೆದು ಮುಂದೆ ಹೋಗುತ್ತದೆ, ಆ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಸುದ್ದಿಯೂ ಮುಟ್ಟುವುದಿಲ್ಲ. ಇಲ್ಲದಿದ್ದರೆ ಮಾತ್ರ ಫ್ಯುಟೆಕ್ಸ್ ಎಂಬ ಏರ್ಪಾಟಿನ ಮೂಲಕ ಕರ್ನೆಲ್ ಆ ಥ್ರೆಡ್ಡನ್ನು ಮಲಗಿಸಿ, ಪೆನ್ನು ಮರಳಿದಾಗ ಎಬ್ಬಿಸುತ್ತದೆ. ಹೀಗಾಗಿ ಮ್ಯೂಟೆಕ್ಸಿನಿಂದ ಪ್ರೋಗ್ರಾಮ್ ನಿಧಾನವಾಗುತ್ತದೆ ಎಂಬ ದೂರು ಬಹುಮಟ್ಟಿಗೆ ನೂಕುನುಗ್ಗಲಿನ ದೂರು, ಲಾಕಿನದಲ್ಲ.

ಮ್ಯೂಟೆಕ್ಸ್ ಮಾಡುವ ಇನ್ನೊಂದು ಕೆಲಸ ಹೊರಗೆ ಕಾಣುವುದಿಲ್ಲ. ಗುಮಾಸ್ತರು ಪ್ರತಿ ಸಲವೂ ಪುಸ್ತಕಕ್ಕೆ ಹೋಗದೆ ಜೇಬಿನ ಚೀಟಿಯಲ್ಲಿ ಅಂಕಿ ಗುರುತಿಟ್ಟುಕೊಳ್ಳುವಂತೆ, ಕಂಪೈಲರೂ ಪ್ರೊಸೆಸರಿನ ಕೋರುಗಳೂ ಅಂಕಿಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ, ಬರೆಯುವ ಸರದಿಯನ್ನೂ ಹಿಂದುಮುಂದು ಮಾಡುತ್ತವೆ. ಅನ್‌ಲಾಕ್ ಎಂದರೆ ಚೀಟಿಯಲ್ಲಿರುವುದನ್ನೆಲ್ಲ ಪುಸ್ತಕಕ್ಕೆ ಇಳಿಸಿದ ಮೇಲೆಯೇ ಪೆನ್ನು ಬಿಡು ಎಂದೂ, ಲಾಕ್ ಎಂದರೆ ಹಳೆಯ ಚೀಟಿ ನಂಬದೆ ಪುಸ್ತಕವನ್ನೇ ನೋಡು ಎಂದೂ ಅರ್ಥ. ‘ನಾನು ಬರೀ ಓದುತ್ತೇನೆ, ನನಗೇಕೆ ಲಾಕ್’ ಎನ್ನುವವರು ಸೋಲುವುದು ಈ ಕಾರಣಕ್ಕೆ.

ಮ್ಯೂಟೆಕ್ಸಿಗೆ ಒಡೆತನವಿದೆ: ಯಾರು ತೆಗೆದುಕೊಂಡರೋ ಅವರೇ ಮರಳಿಸಬೇಕು. ಡೈಕ್‌ಸ್ಟ್ರಾ ಅವರೇ ಕೊಟ್ಟ ಸೆಮಾಫೋರ್ ಎಂಬ ಇನ್ನೊಂದು ಸಾಧನಕ್ಕೆ ಈ ಕಟ್ಟಿಲ್ಲ. ಆ ಹೆಸರು ಬಂದಿರುವುದು ರೈಲ್ವೆಯ ಕೈಮರದಿಂದ, ಮತ್ತು ಕೈಮರವನ್ನು ಇಳಿಸುವುದು ಎಂದೂ ರೈಲಿನ ಚಾಲಕನ ಕೆಲಸವಲ್ಲ. ಒಂದು ಥ್ರೆಡ್ ಇನ್ನೊಂದಕ್ಕೆ ‘ಈಗ ಬಾ’ ಎಂದು ಸೂಚನೆ ಕೊಡಬೇಕಾದಲ್ಲಿ ಸೆಮಾಫೋರ್, ದತ್ತಾಂಶವನ್ನು ಕಾಯಬೇಕಾದಲ್ಲಿ ಮ್ಯೂಟೆಕ್ಸ್.

ಒಡೆತನವಿದ್ದಲ್ಲಿ ಹಟವೂ ಇರುತ್ತದೆ. ಅಂಗಡಿಯಲ್ಲಿ ಚೀಲಗಳ ಪುಸ್ತಕಕ್ಕೆ ಒಂದು ಪೆನ್ನು, ರೈತರ ಖಾತೆ ಪುಸ್ತಕಕ್ಕೆ ಇನ್ನೊಂದು ಎಂದಿಟ್ಟುಕೊಳ್ಳಿ. ಒಬ್ಬ ಗುಮಾಸ್ತ ಚೀಲದ ಪೆನ್ನು ಹಿಡಿದು ಖಾತೆಯ ಪೆನ್ನಿಗೆ ಕಾಯುತ್ತಾನೆ, ಇನ್ನೊಬ್ಬ ಖಾತೆಯ ಪೆನ್ನು ಹಿಡಿದು ಚೀಲದ ಪೆನ್ನಿಗೆ ಕಾಯುತ್ತಾನೆ. ಮನುಷ್ಯರಾದರೆ ಒಂದು ಗಳಿಗೆ ದುರುಗುಟ್ಟಿ ಒಬ್ಬರಾದರೂ ಬಿಡುತ್ತಾರೆ. ಥ್ರೆಡ್‌ಗಳಿಗೆ ಆ ದಾಕ್ಷಿಣ್ಯವಿಲ್ಲ, ವಿದ್ಯುತ್ ಹೋಗುವವರೆಗೂ ನಿಂತೇ ಇರುತ್ತವೆ. ಇದು ಡೆಡ್‌ಲಾಕ್. ಎರಡೂ ಬೇಕಾದಾಗ ಎಲ್ಲರೂ ಮೊದಲು ಚೀಲದ್ದು, ಆಮೇಲೆ ಖಾತೆಯದು ಎಂಬ ಒಂದೇ ಸರದಿಯಲ್ಲಿ ಹಿಡಿಯಬೇಕೆಂದು ಗೊತ್ತುಮಾಡಿದರೆ ಈ ಸುತ್ತು ಕಟ್ಟಿಕೊಳ್ಳುವುದೇ ಇಲ್ಲ.

ಹಟವೇ ಇಲ್ಲದೆಯೂ ಕೆಲಸ ನಿಲ್ಲಬಹುದು ಎಂಬುದಕ್ಕೆ ಮಂಗಳ ಗ್ರಹಕ್ಕೆ ಹೋದ ಮಾರ್ಸ್ ಪಾಥ್‌ಫೈಂಡರ್ ಸಾಕ್ಷಿ. 1997ರ ಜುಲೈ 4ರಂದು ಇಳಿದ ಈ ನೌಕೆಯ ಕಂಪ್ಯೂಟರ್ ಕೆಲವು ದಿನಗಳಲ್ಲಿ ತಾನಾಗಿಯೇ ಮತ್ತೆಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕಲೆಹಾಕುವ, ಆದ್ಯತೆಯಲ್ಲಿ ಕೆಳಗಿದ್ದ ಒಂದು ಕೆಲಸವು ಮ್ಯೂಟೆಕ್ಸ್ ಹಿಡಿದಿರುವಾಗ, ಮೇಲಿನ ಆದ್ಯತೆಯ ಕೆಲಸವೊಂದು ಅದಕ್ಕಾಗಿ ಕಾಯುತ್ತಿತ್ತು. ಅದೇ ಹೊತ್ತಿಗೆ ನಡು ಆದ್ಯತೆಯ, ಮ್ಯೂಟೆಕ್ಸಿನ ಗೊಡವೆಯೇ ಇಲ್ಲದ ಸಂಪರ್ಕದ ಕೆಲಸ ಎದ್ದು ಕೆಳಗಿನದನ್ನು ಪಕ್ಕಕ್ಕೆ ತಳ್ಳಿ ಓಡತೊಡಗುತ್ತಿತ್ತು. ಕೆಳಗಿನದು ಓಡದೆ ಮ್ಯೂಟೆಕ್ಸ್ ಬಿಡಲಾರದು, ಅದು ಬಿಡದೆ ಮೇಲಿನದು ಓಡಲಾರದು. ಮುಖ್ಯ ಕೆಲಸ ವೇಳೆಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತಿತ್ತು. ಪರಿಹಾರ ಅದೇ ಮ್ಯೂಟೆಕ್ಸಿನ ಒಂದು ಆಯ್ಕೆಯಲ್ಲಿತ್ತು: ದೊಡ್ಡವರು ಕಾಯುತ್ತಿರುವಷ್ಟು ಹೊತ್ತು ಪೆನ್ನು ಹಿಡಿದವನಿಗೂ ಅವರ ಆದ್ಯತೆಯನ್ನೇ ಕೊಡುವುದು. ಮುಚ್ಚಿಟ್ಟಿದ್ದ ಆ ಆಯ್ಕೆಯನ್ನು ಎಂಜಿನಿಯರುಗಳು ಭೂಮಿಯಿಂದಲೇ ತೆರೆದರು, ರೀಸೆಟ್ ನಿಂತಿತು.

ಪೆನ್ನು ಎಷ್ಟಿರಬೇಕು ಎಂಬುದು ತೂಗಿ ನೋಡುವ ಮಾತು. ಇಡೀ ಅಂಗಡಿಗೆ ಒಂದೇ ಇದ್ದರೆ ಲೆಕ್ಕ ಎಂದೂ ತಪ್ಪದು, ಆದರೆ ಸಾಲು ಗಂಜಿನ ರಸ್ತೆಗೆ ಬರುತ್ತದೆ. ಪುಟಕ್ಕೊಂದು ಇಟ್ಟರೆ ಸಾಲು ಕರಗುತ್ತದೆ, ಡೆಡ್‌ಲಾಕ್ ಬೆಳೆಯುತ್ತದೆ. ಲಿನಕ್ಸ್ ಕರ್ನೆಲ್ ತನ್ನ ಹಳೆಯ ಒಂದೇ ದೊಡ್ಡ ಲಾಕನ್ನು ವರ್ಷಗಟ್ಟಲೆ ಚೂರುಚೂರಾಗಿ ಬಿಡಿಸಿ, 2011ರಲ್ಲಿ ಪೂರ್ತಿ ತೆಗೆದುಹಾಕಿತು. ಹೊಸಬರು ಒಂದರಿಂದಲೇ ಆರಂಭಿಸುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ.

ಅನ್‌ಲಾಕ್ ಮಾಡಲು ಮರೆಯುವುದಕ್ಕೆ ಸಿ ಪ್ಲಸ್ ಪ್ಲಸ್ 2011ರ ಆವೃತ್ತಿಯಲ್ಲಿ ಒಳ್ಳೆಯ ಉಪಾಯ ಬಂದಿದೆ. ಲಾಕನ್ನು ಹಿಡಿದಿರುವ ವಸ್ತುವಿನ ಆಯುಷ್ಯ ಮುಗಿದೊಡನೆ ಲಾಕ್ ತಾನೇ ಬಿಡುಗಡೆಯಾಗುತ್ತದೆ, ಫಂಕ್ಷನ್ ನಡುವಿನಿಂದ ಎದ್ದು ಹೋದರೂ ಪೆನ್ನು ಮೊಳೆಗೆ ಮರಳಿರುತ್ತದೆ. ರಸ್ಟ್ ಭಾಷೆ ಇನ್ನೂ ಮುಂದೆ ಹೋಗಿ, ಎಣಿಕೆಯನ್ನು ಮ್ಯೂಟೆಕ್ಸಿನ ಒಳಗೇ ಇಡುತ್ತದೆ. ಲಾಕ್ ಪಡೆಯದೆ ಆ ಅಂಕಿಯನ್ನು ಓದಲು ಹೊರಟರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ. ಜೇಬಿನ ಪೆನ್ನಿನವನಿಗೆ ಪುಸ್ತಕವೇ ಕೈಗೆ ಸಿಗದು. ನಮ್ಮ ಸೀಮೆಯ ಅರ್ಥದ ಕೀಲಿ, ಅಂದರೆ ಪೆಟ್ಟಿಗೆಗೇ ಬಿದ್ದಿರುವ ಬೀಗ, ಇದೊಂದರಲ್ಲಿ ಕಾಣುತ್ತದೆ. ಅಂಥ ಎರಡು ಪೆಟ್ಟಿಗೆಗಳನ್ನು ಇಬ್ಬರು ಹಿಂದುಮುಂದಾಗಿ ತೆರೆಯಲು ಹೊರಟರೆ ಮಾತ್ರ ರಸ್ಟ್ ಕೂಡ ಚಕಾರವೆತ್ತದೆ ಕಂಪೈಲ್ ಮಾಡಿಕೊಡುತ್ತದೆ.